ಒಂದು ಗೇಣಿಗೂ ಕಮ್ಮಿ

ಅರ್ವೈಹೀರ್ ದಾಟಿ ಸ್ವಲ್ಪ ದೂರಕ್ಕೆ
ಡಾಂಬರು ಮುಗಿಯುತ್ತದೆ,
ಮಾತಿನ ನಡುವೆ ಯಾರೋ ಎದ್ದು ಹೋದ ಹಾಗೆ.
ಅಲ್ಲಿಂದ ಮುಂದೆ ರಸ್ತೆಯಿಲ್ಲ, ರಸ್ತೆಗಳಿವೆ:
ಒಂದು ಕೆಟ್ಟರೆ ಪಕ್ಕಕ್ಕೊಂದು, ಅದೂ ಕೆಟ್ಟರೆ ಮತ್ತೊಂದು,
ಹುಲ್ಲುಗಾವಲ ಮೇಲೆ ಹನ್ನೊಂದು ಜಾಡು,
ಬಾಚುತ್ತ ಬಾಚುತ್ತ ಅರ್ಧಕ್ಕೆ ಬಿಟ್ಟ ತಲೆ.

ನನ್ನದು ಪ್ರಿಯಸ್. ಜಪಾನಿನ ಯಾವುದೋ ಊರಲ್ಲಿ
ಯಾರೋ ಮೇಷ್ಟರು ಹನ್ನೆರಡು ವರ್ಷ ಓಡಿಸಿ ಮಾರಿದ್ದು.
ಕೀ ತಿರುಗಿಸಿದೊಡನೆ ಒಳಗಿನಿಂದ ಒಬ್ಬಳು
ಅವಳ ಭಾಷೆಯಲ್ಲಿ ಏನೋ ಎಚ್ಚರಿಸುತ್ತಾಳೆ.
ಏನೆಂದು ಇವತ್ತಿಗೂ ಗೊತ್ತಿಲ್ಲ.
ಹಿಂದಿನ ಸೀಟಿನಿಂದ ದೂಲ್ಮಾ ಚಿಕ್ಕಮ್ಮ
‘ಆಯಿತು ಮಗಳೇ’ ಅನ್ನುತ್ತಾಳೆ.

ಲಾರಿಗಳು ಕೊರೆದ ಜೋಡಿ ಕಾಲುವೆ,
ನಡುವೆ ಬಡಕಲು ಕುದುರೆಯ ಬೆನ್ನುಮೂಳೆಯಂಥ ದಿಂಡು.
ಕಾಲುವೆಗಿಳಿದೆಯೋ, ಹೊಟ್ಟೆ ತಗುಲಿ ತೂಗಾಡುತ್ತೀ.
ಒಂದು ಚಕ್ರ ದಿಂಡಿನ ಮೇಲೆ, ಒಂದು ಅಂಚಿನ ಮೇಲೆ,
ಹಗ್ಗದ ಮೇಲೆ ನಡೆಯುವವನ ಹಾಗೆ ಹೋಗಬೇಕು.
ಕಲಿಸಿದವನು ಲುವ್ಸಾನ್:
‘ಕಲ್ಲು ಕಂಡರೆ ನಡುವೆ ಬಿಡಬೇಡವೋ,
ಚಕ್ರದ ಮೇಲೆ ತಗೋ.
ತಪ್ಪಿಸಿಕೊಂಡೆ ಅಂದುಕೊಂಡ ಕಲ್ಲೇ ಹೊಟ್ಟೆ ಸೀಳೋದು.
ಹಳ್ಳಕ್ಕೆ ಓರೆಯಾಗಿ ಇಳಿ,
ಅತ್ತೆಮನೆ ಹೊಸಿಲು ದಾಟೋ ಸೊಸೆ ಥರ,
ಒಂದೊಂದೇ ಕಾಲು.’
ಅವನ ಕಾರಿನಲ್ಲಿ ಈಗ ಆಡುಮರಿಗಳು ಮಲಗುತ್ತವೆ.

ಚಿಕ್ಕಮ್ಮನ ಕಣ್ಣಿನ ಪೊರೆ ತೆಗೆಸಿ
ಉಲಾನ್‌ಬಾತರ್‌ನಿಂದ ವಾಪಸು ಕರೆತರುತ್ತಿದ್ದೆ.
ಡಾಕ್ಟರು ಹೇಳಿದ್ದರು: ಬಗ್ಗಬಾರದು, ಭಾರ ಎತ್ತಬಾರದು,
ಧೂಳು ಸೋಕಬಾರದು, ಕುಲುಕಾಟ ಕೂಡದು.
ನಾವಿರುವುದು ಬೇರೆ ಯಾವುದೋ ದೇಶ ಎಂದುಕೊಂಡಿದ್ದರೇನೋ.

ನೀಲಿ ಬಟ್ಟೆ ಸುತ್ತಿದ ಕಲ್ಲುಗುಪ್ಪೆಗೆ ಮೂರು ಸಲ ಹಾರನ್ನು.
ಅದರಾಚೆ ಬೆಟ್ಟದ ನೀರು ಕೊಚ್ಚಿದ ಇಳಿಜಾರು.
‘ಇಳೀರಿ’ ಅಂದೆ.
ತೂಮೆನ್ ಇಳಿದ, ಹಿಟ್ಟಿನ ಮೂಟೆ ಇಳಿಸಿದ,
ಕಾರು ಒಂದು ಬೆರಳು ಎದ್ದಿತು.
ಚಿಕ್ಕಮ್ಮ ಇಳಿದಳು, ಇನ್ನೂ ಎರಡು ಬೆರಳು.
‘ಹುಡುಗನಿಗೂ ಹಿಟ್ಟಿಗೂ ಸೇರಿ ಒಂದು, ನನಗೊಬ್ಬಳಿಗೇ ಎರಡಾ?’
ಮುನಿಸಿಕೊಂಡು ಮುಂದೆ ಮುಂದೆ ನಡೆದಳು.

ಸ್ವಲ್ಪ ದೂರ ಹೋಗಿ ಕಪ್ಪು ಕನ್ನಡಕ ಹಣೆಗೇರಿಸಿ
ಕೈ ಬೀಸಿದಳು: ಬಾ. ಎಡಕ್ಕೆ. ಇನ್ನೂ ಎಡಕ್ಕೆ.
ಆರು ವರ್ಷ ಹಾಲಿನಂಥ ಗಾಜಿನ ಹಿಂದಿದ್ದವಳು
ಈಗ ಎಲ್ಲ ಕಾಣುತ್ತದೆ, ಹಾಗಾಗಿ ಎಲ್ಲವನ್ನೂ ಹೇಳುತ್ತಾಳೆ:
ಚೂಪು ಕಲ್ಲು. ಮೊಂಡು ಕಲ್ಲು. ಇಲಿಯ ಬಿಲ.
ಇದರ ಮೇಲೆ ಕೆಂಪು ಪಾಚಿ ಇದೆ ಕಣೋ.
ಬಲಕ್ಕೆ. ಬಾ, ಬಾ. ನಿಲ್ಲು!
ಇಲ್ಲೊಂದು ಹೂವಿದೆ.

ಹೂವಿಗಾಗಿ ತಿರುಗಿಸಿದೆ. ಏನು ಮಾಡಲಿ,
ತೋರಿಸುವವಳು ಅವಳು.
ಕರ್‌ರ್‌ರ್ ಎಂದಿತು ಕೆಳಗೆ,
ಸೀಟಿನಿಂದ ಬೆನ್ನಿಗೆ, ಬೆನ್ನಿನಿಂದ ಹಲ್ಲಿಗೆ ಏರಿತು ಸದ್ದು.
ಸಾಲ ಮಾಡಿ ಕಾರು ಕೊಂಡವನಿಗೆ ಮಾತ್ರ ಗೊತ್ತು
ಆ ಸದ್ದಿನ ಒಟ್ಟು ಮೊತ್ತ.

ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು, ಅವಸರವಿಲ್ಲದೆ.
ಚಿಕ್ಕಮ್ಮ ಕೈಚೀಲ ತಡಕಿ
ಪಟ್ಟಣದಿಂದ ಆಸೆಪಟ್ಟು ತಂದ ಗುಲಾಬಿ ಸೋಪು ತೆಗೆದಳು.
ನಾನು ಮಲಗಿ ಬಿರುಕಿಗೆ ತಿಕ್ಕಿದೆ, ಅದುಮಿದೆ,
ಹಿಟ್ಟಿಗೆ ನೀರು ಕಲಸಿದವರ ಹಾಗೆ ತಾಳ್ಮೆಯಿಂದ.
ಬಗ್ಗಬೇಡ ಬಗ್ಗಬೇಡ ಎಂದು ತೂಮೆನ್ ಕೂಗುತ್ತಿದ್ದ.
ಅವಳು ಆಗಲೇ ಬಗ್ಗಿ, ಕೆನ್ನೆ ಮಣ್ಣಿಗೆ ತಾಗಿಸಿ,
‘ಅಲ್ಲಲ್ಲ, ಆ ಕಡೆ, ಇನ್ನೂ ಜಿನುಗುತ್ತಿದೆ’ ಎನ್ನುತ್ತಿದ್ದಳು.
ನಿಂತಿತು.

ಬಿಡಾರ ಮುಟ್ಟಿದಾಗ ಹೊತ್ತು ಇಳಿದಿತ್ತು.
ಕುದುರೆಹಾಲಿನ ಬಟ್ಟಲು ಕೈಯಿಂದ ಕೈಗೆ ಹೋಯಿತು,
ಎಲ್ಲರೂ ಅವಳ ಕಣ್ಣು ನೋಡಿದರು,
ಅವಳು ಎಲ್ಲರ ಮುಖ ನೋಡಿ
ಎಷ್ಟು ಮುದಿಯಾಗಿದ್ದೀರೋ ಎಂದು ಬೈದಳು.
ಆಮೇಲೆ ಯಾರಿಗೂ ಹೇಳದೆ ಕಾರಿನ ಬಳಿ ಬಂದು
ಕೆಳಗೆ ಕೈಯಿಟ್ಟು, ಹೆಬ್ಬೆರಳು ನೆಲಕ್ಕೂರಿ
ಕಿರುಬೆರಳು ಚಾಚಲು ನೋಡಿದಳು. ಪೂರ್ತಿ ಚಾಚಲಾಗಲಿಲ್ಲ.

‘ಇಷ್ಟೇನಾ?’ ಅಂದಳು.
‘ಇಷ್ಟರಲ್ಲೇ ಬಂದೆವಾ?’
ಬೆರಳು ಮೂಸಿ ನೋಡಿಕೊಂಡಳು:
ಪೆಟ್ರೋಲು, ಗುಲಾಬಿ.