ಎರಗು

ಗುತ್ತಲು ರಸ್ತೆ, ಟೈರು ಅಂಗಡಿಯ ಮೇಲಿನ ಮಹಡಿ,
ಸಂಜೆ ಆರೂವರೆಯ ಬ್ಯಾಚು.
ಕಾರ್ಖಾನೆಯ ಕಾಕಂಬಿ ವಾಸನೆ ಕಿಟಕಿ ಹಾರಿ ಬಂದು
ಫೀಸು ಕೊಡದೆ ಹಿಂದಿನ ಬೆಂಚಿನಲ್ಲಿ ಕೂರುತ್ತದೆ.

ಬೋರ್ಡಿನ ಮೇಲೆ ಇವತ್ತು: ಪ್ರೇ ಆನ್.
ಗೂಬೆ ಇಲಿಯ ಮೇಲೆ, ಎಂದೆ.
ಹದ್ದು ಕೋಳಿಮರಿಯ ಮೇಲೆ.
ಕೆಲಸ ಕೊಡಿಸುವ ದಲ್ಲಾಳಿ
ಕೆಲಸವಿಲ್ಲದವರ ಮೇಲೆ.
ಆನ್ ಮರೆಯಬೇಡಿ,
ಆನ್ ಇಲ್ಲದೆ ಈ ಹಲ್ಲಿಗೆ ಒಸಡಿಲ್ಲ.

ಎಲ್ಲರೂ ಕನ್ನಡದಲ್ಲಿ ಬರೆದುಕೊಂಡರು. ಅಲ್ಲಿ
ಬೇಟೆಯೂ ಪ್ರೇ, ಪ್ರಾರ್ಥನೆಯೂ ಪ್ರೇ.
‘ಎರಡೂ ಒಂದೇಯಾ ಸಾ?’
ಗೆಜ್ಜಲಗೆರೆ ಗಾರ್ಮೆಂಟ್ಸಿನ ಜಯಶೀಲ,
ಬೆರಳಿಗೆ ಇನ್ನೂ ಸುತ್ತಿಕೊಂಡ ನೀಲಿ ದಾರ.
ಸ್ಪೆಲ್ಲಿಂಗ್ ಬೇರೆ, ಎಂದೆ.
‘ಕಿವಿಗೆ ಸ್ಪೆಲ್ಲಿಂಗ್ ಕಾಣಾಕಿಲ್ವಲ್ಲ ಸಾ.’

ಆಮೇಲೆ ಅವಳೇ, ಮೆಲ್ಲಗೆ:
‘ನಮ್ಮಲ್ಲೂ ಅಂಗೇಯ.
ಸೋಬಾನೆ ಪದದಾಗೆ ನಮ್ಮವ್ವ ಮಾದಪ್ಪಂಗೆ ಎರಗ್ತಾಳೆ.
ಹದ್ದು, ಮರಿ ಮ್ಯಾಲೆ ಎರಗ್ತದೆ.’

ಇಪ್ಪತ್ತೊಂದು ವರ್ಷ ಪಾಠ ಹೇಳಿದ ಬಾಯಿ ಇದು,
ಹೊಳೆದಿರಲಿಲ್ಲ.
ಅದೇ ಕ್ರಿಯಾಪದ, ಬಗ್ಗುವುದೂ ಅದೇ ಬಗ್ಗುವುದು.
‘ಗೆ’ ಬಂದರೆ ಹಣೆ ನೆಲಕ್ಕೆ,
‘ಮೇಲೆ’ ಬಂದರೆ ಉಗುರು ಬೆನ್ನಿಗೆ.

ಇನ್ನೊಂದು ಬಳಕೆ ಇದೆ, ಎಂದೆ, ಗಂಟಲು ಸರಿಮಾಡಿಕೊಂಡು.
ಇಟ್ ಪ್ರೇಸ್ ಆನ್ ಮೈ ಮೈಂಡ್.
ಇಲ್ಲಿ ಗೂಬೆ ಹೊರಗಿಲ್ಲ.
ಯಾವುದೋ ಒಂದು ಲೆಕ್ಕ ತಲೆಯೊಳಗೆ ಗೂಡು ಕಟ್ಟಿ
ರಾತ್ರಿ ಎರಡು ಗಂಟೆಗೆ ಇಲಿ ಹುಡುಕುತ್ತದೆ.
‘ಉದಾಹರಣೆ ಕೊಡಿ ಸಾ,’ ತೂಬಿನಕೆರೆಯ ಕೃಷ್ಣೋಜಿ.
ಟೈಮಾಯಿತು, ಎಂದೆ.

ಉದಾಹರಣೆ ಕೆಳಗೆ, ಮೆಟ್ಟಿಲ ಬುಡದಲ್ಲಿ,
ಹಳದಿ ಬಣ್ಣದಲ್ಲಿ ನಾನೇ ಬರೆಸಿದ್ದು:
ಮೂವತ್ತೇ ದಿನ. ಇಂಗ್ಲಿಷ್ ಗ್ಯಾರಂಟಿ.
ನಾಲ್ಕು ಸಾವಿರ, ಕಂತು ಇಲ್ಲ.
ಜಯಶೀಲಳದು ಇದು ಮೂರನೆಯ ಮೂವತ್ತು.

ಎಲ್ಲರೂ ಇಳಿದು ಹೋದ ಮೇಲೆ ಅವಳು ಉಳಿದಳು,
ಚೀಲದಿಂದ ಎರಡು ಬಾಳೆಹಣ್ಣು, ಬಾಡಿದ ವೀಳ್ಯದೆಲೆ.
‘ನಾಳಿಕೆ ಸೂಪರ್‌ವೈಸರ್ ಇಂಟರ್ವ್ಯೂ ಅದೆ ಸಾ.
ಇವತ್ತೇ ಲಾಸ್ಟು.’
ಬೇಡ ಬೇಡ ಅನ್ನುವುದರೊಳಗೆ
ನನ್ನ ಕಾಲಿಗೆ ಎರಗಿದಳು.
ವಿಭಕ್ತಿ ಸರಿಯಾಗಿತ್ತು, ಅವಳದು.

ನಾನು ಹಿಂದೆ ಸರಿದೆ. ಸರಿಯಲು ಇದ್ದದ್ದು ಅರ್ಧ ಹೆಜ್ಜೆ,
ಆಮೇಲೆ ಬೋರ್ಡು.

ಮನೆಯಲ್ಲಿ ಅಂಗಿ ಬಿಚ್ಚಿದರೆ
ಬೆನ್ನಿನಲ್ಲಿ ಸೀಮೆಸುಣ್ಣ, ತಿರುಗುಮುರುಗಾಗಿ:
ಆನ್.