ರುಚಿ ಹೇಗಿತ್ತು

ನಮ್ಮಲ್ಲಿ ಕರಿದ ಆಲೂಗಡ್ಡೆಯ ಮೇಲೆ
ಶೇಂಗಾ ಸಾಸು ಸುರಿಯುತ್ತಾರೆ, ಬಿಸಿಬಿಸಿ,
ಹೊಳೆದಂಡೆಯ ಕೆಸರಿನ ಬಣ್ಣದ್ದು.
ಪಂದ್ಯ ಗೆದ್ದರೂ ತಿನ್ನುತ್ತಾರೆ, ಸೋತರೂ.
ನನ್ನ ತಂಗಿ ಫೆನ್ನಾಗೆ
ಅದರ ಒಂದು ಬೊಟ್ಟು ಸಾಕು,
ಗಂಟಲು ತನ್ನ ಕದ ತಾನೇ ಹಾಕಿಕೊಳ್ಳುತ್ತದೆ.

ಅವಳಿಗೆ ಎಂಟು ತುಂಬಿದ ದಿನ
ಅಪ್ಪ ನಮ್ಮನ್ನು ಝೇಲಂಡಿನ ಪಾರ್ಕಿಗೆ ಕರೆದೊಯ್ದ.
ಟಿಕೆಟು ಕೊಳ್ಳುವ ಮೊದಲೇ ಮೂರು ಸಲ ಫೋನು:
ಎಣ್ಣೆ ಎಲ್ಲಕ್ಕೂ ಒಂದೆಯೋ? ಜಾಲರಿ ಸೌಟು?
ವಾಫಲ್ ಹೆಂಚು ಒರೆಸುವ ಬಟ್ಟೆ?
ಅತ್ತ ಯಾರೋ ನಕ್ಕರಂತೆ.
ಅಪ್ಪ ನಗು ಮುಗಿಯುವವರೆಗೂ ಕಾದು
ಮತ್ತೆ ಮೊದಲಿಂದ ಕೇಳಿದನಂತೆ.

ನನಗಾಗ ಹದಿಮೂರು.
ಸೊಂಟಕ್ಕೆ ಹಳದಿ ಚೀಲ, ಒಳಗೆ ಎರಡು ಪೆನ್ನು,
ಒಂದಕ್ಷರ ಬರೆಯಲಾರದವು.
ನೀಲಿ ಮುಚ್ಚಳ ಕೀಳು, ಕಿತ್ತಳೆ ತುದಿ ತೊಡೆಗೆ,
ಚಡ್ಡಿಯ ಮೇಲಿಂದಲೇ ಒತ್ತು, ಎಣಿಸು.
ಮಗ್ಗಿಗಿಂತ ಮೊದಲು ಕಲಿತ ಪಾಠ ಅದು.

ಮೊದಲ ಅಂಗಡಿಯ ಹುಡುಗ
"ಬಹುಶಃ ಏನೂ ಇರಲಾರದು" ಅಂದ.
ಬಹುಶಃ ಎಂಬುದನ್ನು ನಮ್ಮ ಮನೆಯಲ್ಲಿ ಬಡಿಸುವುದಿಲ್ಲ.
ಎರಡನೆಯದರಲ್ಲಿ ಪಟ್ಟಿ ಇತ್ತು, ಓದುವವರಿರಲಿಲ್ಲ.
ಮೂರನೆಯದರಲ್ಲಿ ಮುರಿಯೆಲ್
ಕೈಗವಸು ಕಿತ್ತೆಸೆದು, ಮೊಣಕೈವರೆಗೆ ತೊಳೆದು,
ಹಿಂದಿನ ಕೋಣೆಯಿಂದ ರಟ್ಟಿನ ಪೆಟ್ಟಿಗೆಯನ್ನೇ ಹೊತ್ತು ತಂದು
ಅಪ್ಪನ ಮುಂದಿಟ್ಟಳು: "ನೀವೇ ಓದಿ."
ಆಮೇಲೆ ಫೆನ್ನಾಳ ಎತ್ತರಕ್ಕೆ ಬಗ್ಗಿ,
"ನಾನು ಪಾರಮಾರಿಬೋದವಳು, ಪುಟ್ಟಿ.
ನಮ್ಮಜ್ಜಿ ಸಾರನ್ನೂ ಶೇಂಗಾದಲ್ಲೇ ಮಾಡುತ್ತಿದ್ದಳು.
ಅದರ ಕಳ್ಳಬುದ್ಧಿ ನನಗೆ ಗೊತ್ತು,
ಎಲ್ಲಿ ಅಡಗುತ್ತದೆ, ಯಾವುದಕ್ಕೆ ಅಂಟುತ್ತದೆ."
ಬೇರೆ ಎಣ್ಣೆ, ಬೇರೆ ಜಾಲರಿ.
ಫೆನ್ನಾ ಬೇರೆಯವರ ಮಕ್ಕಳಂತೆ
ಬೆರಳು ನೆಕ್ಕಿಕೊಂಡು ತಿಂದಳು.
ಅಪ್ಪ ತಿನ್ನಲಿಲ್ಲ. ಅವಳ ತುಟಿ ನೋಡುತ್ತ ಕೂತ,
ಇಪ್ಪತ್ತು ನಿಮಿಷ, ಗಡಿಯಾರ ಕೈಯಲ್ಲಿ.

ಆಮೇಲೆ ತೂಗುವ ಹಡಗು.
ಚೀಲ ತರಕೂಡದು, ಫಲಕ ಹೇಳಿತು.
ಇದು ಬಿಟ್ಟು ಅವಳು ಹತ್ತಕೂಡದು, ಅಪ್ಪ ಹೇಳಿದ.
ಕಾವಲಿನ ಕೆಂಪುಗೂದಲಿನವ ತಲೆ ಕೆರೆದು
ಚೀಲವನ್ನು ಅಪ್ಪನ ಅಂಗಿಯೊಳಗೆ ಹಾಕಿಸಿ
ಜಿಪ್ಪು ಕತ್ತಿನವರೆಗೂ ಎಳೆದ.
ನಾನು ಹೊಟ್ಟೆನೋವು ಅಂದೆ.

ಸುಳ್ಳು.
ಸೊಂಟ ಹಗುರಾದದ್ದೇ
ಕಾಲು ತಾನಾಗಿ ಆ ಮೊದಲ ಅಂಗಡಿಗೆ ನಡೆಯಿತು.
ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ,
ನನಗೆ ಹಲ್ಲೂ ಇತ್ತು, ಕಡಲೆಯೂ ಇತ್ತು,
ನಡುವೆ ತಂಗಿಯೊಬ್ಬಳಿದ್ದಳು.
ಕಸದ ಡಬ್ಬಿಗಳ ಹಿಂದೆ ನಿಂತು ತಿಂದೆ.
ನಾಚಿಕೆಯಾಯಿತು. ಇನ್ನಷ್ಟು ಸಾಸು ಹಾಕಿಸಿಕೊಂಡೆ.
ಸೋಪಿನಲ್ಲಿ ಎರಡು ಸಲ ಕೈ ತೊಳೆದೆ, ಬಾಯಿ ಮುಕ್ಕಳಿಸಿದೆ.
ಬರೀ ಜೆಲ್ ಉಜ್ಜಿದರೆ ಹೋಗುವುದಿಲ್ಲ
ಎಂಬುದೂ ಮಗ್ಗಿಗಿಂತ ಹಳೆಯ ಪಾಠವೇ.

ಹಡಗಿಳಿದು ಓಡಿ ಬಂದಳು, ಕೈಚಾಚಿ.
"ನಿಲ್ಲು!"
ನನ್ನ ದನಿ ನನಗೇ ಅಪ್ಪನದೆನಿಸಿತು.
ನಾಲ್ಕು ಮಾರು ದೂರದಲ್ಲಿ ನಿಂತಳು.
ಕಾಲರಿನ ಮೇಲಿನ ಕಂದು ಚುಕ್ಕೆ
ನನಗಿಂತ ಮೊದಲು ಅವಳು ಕಂಡಳು.

"ಮೇಲಿಂದ ಕಾಣ್ತಿದ್ದೆ" ಅಂದಳು.
"ಡಬ್ಬಿಗಳ ಹಿಂದೆ. ಇಷ್ಟೇ ಇಷ್ಟಿದ್ದೆ."
ಅಳುತ್ತಾಳೆಂದುಕೊಂಡೆ.
"ರುಚಿ ಹೇಗಿತ್ತು?"

ಉಪ್ಪು, ಅಂದೆ. ಸಿಹಿ. ಅಲ್ಲ,
ಅಂಗುಳಿಗೆ ಅಂಟಿ ಬಿಡದೇ...
ಬೆಚ್ಚಗೆ... ಸುಮ್ಮನಾದೆ.
ಎಂಟು ವರ್ಷ ಅದರ ಹೆಸರು ಕೇಳಿ ನಡುಗಿದವಳು
ಮುಖ ಸೊಟ್ಟ ಮಾಡಿದಳು:
"ಅಷ್ಟೇನಾ?"

ಅಪ್ಪ ಬೈಯಲಿಲ್ಲ, ಪಾರ್ಕಿನ ಅಂಗಡಿಯಿಂದ
ದುಬಾರಿ ಅಂಗಿಯೊಂದನ್ನು ಕೊಂಡುಕೊಟ್ಟ,
ಎದೆಯ ಮೇಲೆ ನಗುವ ತಿಮಿಂಗಿಲ.
ಹಳೆಯದನ್ನು ಪ್ಲಾಸ್ಟಿಕ್ಕಿಗೆ ಹಾಕಿ ಗಂಟು ಬಿಗಿದ.
ಮೂರನೆಯ ಸಲ ತೊಳೆದು ಬಂದೆ.
ಚೀಲ ಕೇಳಲು ಬಾಯಿ ಬರಲಿಲ್ಲ.
ಫೆನ್ನಾ ಅದನ್ನು ಅಪ್ಪನಿಂದ ಕಿತ್ತುಕೊಂಡು
ಪಟ್ಟಿಯ ಒಂದು ತುದಿ ತಾನು ಹಿಡಿದು
ಇನ್ನೊಂದನ್ನು ನನ್ನತ್ತ ಎಸೆದಳು.

ಗೇಟಿನವರೆಗೂ ಹಾಗೆಯೇ ನಡೆದೆವು,
ನಡುವೆ ಜೋಲಾಡುತ್ತ ಹಳದಿ ಚೀಲ.