ತಟ್ಟಿ ನೋಡುವುದು

ಗುಂಡುಲಾ ನಲವತ್ತು ವರ್ಷ ಬ್ರೆಡ್ಡು ಬೇಯಿಸಿದವಳು.
ಒಲೆಯಿಂದ ತೆಗೆದ ಪ್ರತಿಯೊಂದನ್ನೂ ಬೋರಲು ಹಾಕಿ
ಬೆರಳ ಗೆಣ್ಣಿನಿಂದ ತಟ್ಟುವಳು:
ಪೊಳ್ಳು ಸದ್ದು ಬಂದರೆ ಬೆಂದಿದೆ.
ಕಲ್ಲಿನಲ್ಲಿ ಇದೇ ತಿರುವುಮುರುವು, ರೀಕೆ,
ಎಂದಳು ಮೊದಲ ದಿನ,
ಎಲ್ಬೆ ನದಿಯ ಮೇಲೆ ಮಂಜು ಇನ್ನೂ ಹಾಸಿಗೆ ಬಿಟ್ಟೆದ್ದಿರಲಿಲ್ಲ.
ಪೊಳ್ಳೆಂದರೆ ಕೈ ತೆಗೆ.

ಇಲ್ಲಿಯದು ಮರಳುಗಲ್ಲು,
ಯಾವುದೋ ಸಮುದ್ರ ಎದ್ದು ಹೋಗುವಾಗ ಮರೆತ ಗಂಟುಮೂಟೆ.
ಮಳೆ ಬಿದ್ದ ಮೇಲೆ ಯಾರೂ ಹತ್ತುವುದಿಲ್ಲ;
ಗಟ್ಟಿ ಎಂದುಕೊಂಡದ್ದು ಚಹಾದಲ್ಲಿ ಅದ್ದಿದ ರಸ್ಕು.
ಕಬ್ಬಿಣ ತುರುಕುವ ಹಾಗಿಲ್ಲ, ಅಜ್ಜಂದಿರ ಕಟ್ಟಳೆ.
ಬಿರುಕಿಗೆ ಹಗ್ಗದ ಗಂಟು, ಕೊಂಬುಗಲ್ಲಿಗೆ ಪಟ್ಟಿಯ ಕುಣಿಕೆ,
ಉಳಿದದ್ದು ನಿನ್ನ ಕಿವಿ.

ಅರ್ಧ ದಾರಿಯಲ್ಲಿ ಎರಡು ತೂತು ಒಳಗೊಳಗೇ ಕೂಡಿ
ನಡುವೆ ಒಂದು ಪುಟ್ಟ ಕಂಬ ನಿಂತಿತ್ತು.
ಮರಳುಗಡಿಯಾರ ಎನ್ನುತ್ತಾರೆ ಊರವರು.
ಅದರ ಸೊಂಟ ನನ್ನ ಮಣಿಕಟ್ಟಿಗಿಂತ ತೆಳು.
ಪಟ್ಟಿ ತೂರಿಸಿ, ಕೊಂಡಿ ಹಾಕಿ, ಸ್ವಲ್ಪ ಬೀಗಿದೆ ಕೂಡ.
ಕೆಳಗಿನಿಂದ ಅವಳು: ತಟ್ಟಿದೆಯಾ?
ತಟ್ಟಿದೆ.
ಸದ್ದಿನ ಹಿಂದೆಯೇ ಒಂದು ಚಿಟಿಕೆ ಮರಳು
ತೋಳಿನ ಮೇಲೆ ಉದುರಿತು.
ಗಡಿಯಾರ ನಡೆಯುತ್ತಿತ್ತು.
ಪಟ್ಟಿ ಬಿಚ್ಚಿಕೊಂಡೆ.

ಮುಂದೆ ಕೊಂಬುಗಲ್ಲು. ಅದರ ಪಾಠ ಬೇರೆ:
ಕುಣಿಕೆ ಇಲ್ಲಿ ಗೂಟಕ್ಕೆ ಸಿಕ್ಕಿಸಿದ ಟೋಪಿ ಇದ್ದಂತೆ,
ನೀನು ಮೇಲೆ ಹೊರಟಾಗ ಹಗ್ಗ ಅದನ್ನೂ ಎತ್ತಿಕೊಂಡು ಹೊರಡುತ್ತದೆ.
ಬಾಲಕ್ಕೆ ಭಾರ ಕಟ್ಟು, ಕೂತಿರಲಿ.

ಅವಳಣ್ಣ ಎಕೆಹಾರ್ಡ್ ಒಮ್ಮೆ ಬರ್ಚ್ ಮರಕ್ಕೆ ಕಟ್ಟಿದ್ದ.
ಎಲೆ ಹಸಿರಿತ್ತು, ತೋಳಿನಷ್ಟು ದಪ್ಪವಿತ್ತು,
ಬೇರು ಮಾತ್ರ ಒಂದು ಹಿಡಿ ಪಾಚಿಯಲ್ಲಿತ್ತು.
ಮರ ಅವನ ಜೊತೆಗೇ ಬಂತು.
ಬದುಕಿದ. ಅಂದಿನಿಂದ ಅವನ ಕಣಕಾಲು
ಮಳೆಯನ್ನು ಒಂದು ದಿನ ಮೊದಲೇ ಹೇಳುತ್ತದೆ.
ಹತ್ತುವ ಹಿಂದಿನ ರಾತ್ರಿ ನಾವು ಅವನಿಗೇ ಫೋನ್ ಮಾಡುವುದು.

ತುದಿಯಲ್ಲಿ ಪೈನ್.
ಮೂವತ್ತು ವರ್ಷ ಅವಳು ಇದಕ್ಕೇ ಕಟ್ಟಿ ಇಳಿದದ್ದು.
ತೊಗಟೆ ಸುಲಿಯದಿರಲೆಂದು ಮೈದಾ ಚೀಲ ಸುತ್ತುತ್ತಿದ್ದಳಂತೆ;
ಎಲ್ಲರೂ ಸುತ್ತಲಿಲ್ಲ.
ಬುಡದ ಹತ್ತಿರ ಹಗ್ಗ ಉಜ್ಜಿದ್ದ ನುಣುಪು ಬಳೆ.
ಸೂಜಿಯೆಲೆ ಒಂದು ಕಡೆ ತುಕ್ಕಿನ ಬಣ್ಣ.
ಕಾಂಡಕ್ಕೆ ಪಾದ ಕೊಟ್ಟು ನೂಕಿದಳು.
ಮರ ಅಲುಗಲಿಲ್ಲ. ಮಣ್ಣು ಅಲುಗಿತು,
ಕಂಬಳಿಯಡಿ ಬೆಕ್ಕು ಮಗ್ಗುಲು ಬದಲಿಸಿದಂತೆ.
ಗೆಣ್ಣಿನಿಂದ ತಟ್ಟಿದಳು.
ಆ ಬದಿಯಿಂದ ಮರಕುಟಿಗವೊಂದು ಹಾರಿಹೋಯಿತು,
ಅದೂ ತಟ್ಟಿ ನೋಡುವ ಜಾತಿಯೇ,
ಪೊಳ್ಳಿದ್ದಲ್ಲಿ ಮನೆ ಕಟ್ಟುವುದು.

ಗುಂಡುಲಾ ಏನೂ ಹೇಳಲಿಲ್ಲ.
ಚೀಲದಿಂದ ಉದ್ದನೆಯ ಪಟ್ಟಿ ತೆಗೆದು
ಹಿಂದಿದ್ದ ಬಂಡೆಯ ಸುತ್ತ ನಡೆದಳು,
ಎಮ್ಮೆ ಕೊಳ್ಳುವವಳಂತೆ ಬಗ್ಗಿ ಬಗ್ಗಿ ನೋಡಿ.
ಜಲ್ಲಿಯ ಮೇಲಲ್ಲ, ಕಲ್ಲಿನ ಮೇಲೇ ಕೂತಿದೆಯಾ?
ಅಂಚು ಚೂಪೇ? ಅಲ್ಲಿ ಬಟ್ಟೆ ಮಡಿಸಿಡು.
ಬಿಗಿಯಾಗಿ ಅಪ್ಪಿಸಬೇಡ, ಸಡಿಲ ಉದ್ದವಿರಲಿ,
ಗಿಡ್ಡ ಪಟ್ಟಿ ಎರಡೂ ಪಕ್ಕ ಸುಮ್ಮನೆ ಜಗ್ಗಾಡುತ್ತದೆ.
ಬಿರುಕಿನಲ್ಲಿ ಇನ್ನೊಂದು ಗಂಟು.
ಇಬ್ಬರೂ ಸಮ ಹೊರಲಿ;
ಒಬ್ಬ ಕೈಬಿಟ್ಟರೆ ಇನ್ನೊಬ್ಬ ಬೆಚ್ಚಬಾರದು.

ಆಮೇಲೆ ನನ್ನ ಹೆಲ್ಮೆಟ್ಟಿನ ಮೇಲೆ ಎರಡು ಸಲ ತಟ್ಟಿ
ತಲೆ ಓರೆ ಮಾಡಿ ಕೇಳಿದಳು.
ಇನ್ನೂ ಬೆಂದಿಲ್ಲ, ಎಂದಳು.

ಭಾರ ಕೊಟ್ಟೆ, ಮೊದಲು ಅರ್ಧ, ಆಮೇಲೆ ಪೂರ್ತಿ.
ಇಳಿಯುತ್ತ ಕಂಡೆ: ಅವಳು ಪೈನಿನ ಬುಡದಲ್ಲಿ ಕೂತು
ಹಳೆಯ ಯಾರದೋ ಪಟ್ಟಿಯೊಂದನ್ನು,
ಬಿಸಿಲಿಗೆ ಬಿಳುಚಿ ಮರದೊಳಕ್ಕೇ ಹೂತಿದ್ದನ್ನು,
ಸಣ್ಣ ಚಾಕುವಿನಿಂದ
ಬಿಡಿಸುತ್ತಿದ್ದಳು.